ಎಲ್ಲರೂ ಹೊಗಳುವ ಆಟ ನನಗೇಕೆ ರುಚಿಸುತ್ತಿಲ್ಲ?

ಪ್ರಶ್ನೆ, ದಾವಣಗೆರೆಯಿಂದ

ದೀಪಾವಳಿಗೆ ಹೊಸ ಕಂಪ್ಯೂಟರ್ ಕೊಂಡೆ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದ ಹುಡುಗನ ಆಸೆ ಇನ್ನೂ ಒಳಗೇ ಇತ್ತು. ಗೆಳೆಯರೆಲ್ಲ ಒಕ್ಕೊರಲಿನಿಂದ ಹೇಳಿದ ಮೂರು ಆಟಗಳನ್ನು ತೆಗೆದುಕೊಂಡೆ: ‘ದಿ ವಿಚರ್ 3’, ‘ರೆಡ್ ಡೆಡ್ ರಿಡೆಂಪ್ಷನ್ 2’, ‘ಎಲ್ಡನ್ ರಿಂಗ್’. ಮೂರೂ ಅರ್ಧಕ್ಕೆ ನಿಂತಿವೆ. ಆಡಲು ಕುಳಿತರೆ ಬಾಕಿ ಕೆಲಸ ಮುಗಿಸುತ್ತಿರುವಂತೆ ಅನ್ನಿಸುತ್ತದೆ. ಗೆಳೆಯರಿಗೆ ಹೇಳಿದರೆ ‘ಇನ್ನೂ ಹತ್ತು ಗಂಟೆ ಆಡು’ ಎನ್ನುತ್ತಾರೆ. ನಿಮಗೂ ಹೀಗಾಗಿದೆಯೇ? ಮುಂದೆ ದುಡ್ಡು ಕೊಡುವ ಮೊದಲು ಏನನ್ನು ನೋಡಬೇಕು?

ಮೈಸೂರಿನಿಂದ

ಆಗಿದೆ. ‘ರೆಡ್ ಡೆಡ್’ ಅನ್ನು ನಾನು ಮೂರು ಸಲ ಶುರು ಮಾಡಿ, ಮೂರು ಸಲವೂ ಹಿಮದಲ್ಲೇ ಬಿಟ್ಟೆ. 1899ರ ಅಮೆರಿಕ. ಬ್ಲ್ಯಾಕ್‌ವಾಟರ್ ಎಂಬ ಊರಿನಲ್ಲಿ ದರೋಡೆ ಕೆಟ್ಟು, ಬೆಟ್ಟದ ಹಿಮದೊಳಗೆ ಅಡಗಿ ಕುಳಿತ ತಂಡ. ಮೊದಲ ಅಧ್ಯಾಯದ ತುಂಬ ಕುದುರೆ ಕಾಲೆಳೆಯುತ್ತ ಸಾಗುತ್ತದೆ, ಜನ ಮಾತಾಡುತ್ತ ಹೋಗುತ್ತಾರೆ. ‘ಹಿಮ ದಾಟಿಬಿಡು ಅಕ್ಕ, ಆಮೇಲೆ ಹೇಳು’ ಎಂದು ತಮ್ಮ ದುಂಬಾಲು ಬಿದ್ದಿದ್ದ.

ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ನಲ್ಲಿ ಕೊಂಡ ಆಟ ಹಿಡಿಸದಿದ್ದರೆ 14 ದಿನಗಳೊಳಗೆ ಕೇಳಿ ಹಣ ವಾಪಸ್ ಪಡೆಯಬಹುದು. ಆದರೆ ಆಡಿದ್ದು 2 ಗಂಟೆಗಿಂತ ಕಡಿಮೆಯಿರಬೇಕು. ನನಗೆ ಆ ಹಿಮದ ಅಧ್ಯಾಯಕ್ಕೇ ಹೆಚ್ಚುಕಡಿಮೆ ಅಷ್ಟು ಹೊತ್ತು ಹಿಡಿಯುತ್ತಿತ್ತು. ಬಯಲಿಗಿಳಿದು ಆಟ ತನ್ನ ಮುಖ ತೋರಿಸುವ ವೇಳೆಗೆ ಹಿಂದಿರುಗಿಸುವ ಅವಕಾಶ ಕೈಬಿಟ್ಟಿರುತ್ತದೆ. ನಿಧಾನವಾಗಿ ಬಿಚ್ಚಿಕೊಳ್ಳುವ ಆಟಗಳಿಗೆ ಆ ಎರಡು ಗಂಟೆಯನ್ನು ನಂಬಬೇಡಿ. ಬೇರೊಬ್ಬರು ಆಡಿರುವ ವಿಡಿಯೊ ಹುಡುಕಿ, ಐದನೆಯ ಗಂಟೆಯ ಸುಮಾರಿನ ಅರ್ಧ ತಾಸನ್ನು ನೋಡಿ. ಯಾವ ಟ್ರೇಲರ್‌ಗಿಂತಲೂ ಅದು ಹೆಚ್ಚು ತಿಳಿಸುತ್ತದೆ.

ಕೊನೆಗೂ ನಾಲ್ಕನೆಯ ಸಲ ಹಿಮ ದಾಟಿದೆ. ಬಯಲು ನಿಜಕ್ಕೂ ಚೆಲುವಾಗಿತ್ತು. ಆದರೂ ಹಿಡಿಸಲಿಲ್ಲ. ಜಿಂಕೆ ಹೊಡೆದರೆ ಚರ್ಮ ಸುಲಿಯುವುದನ್ನು ಪ್ರತಿ ಸಲ ನಿಂತು ನೋಡಬೇಕು, ಬಿಡಾರದೊಳಗೆ ಓಡುವಂತಿಲ್ಲ, ನಡೆದೇ ಹೋಗಬೇಕು. ತಮ್ಮನಿಗೆ ಪ್ರಿಯವಾದದ್ದು ಅದೇ. ಅವನು ಕಾಲೇಜಿನ ರಜೆಯಲ್ಲಿ ಹಗಲಿಡೀ ಆಡಿದವನು. ನನಗೆ ಸಿಗುವುದು ಮಗು ಮಲಗಿದ ಮೇಲಿನ ಮುಕ್ಕಾಲು ಗಂಟೆ. ಅದರಲ್ಲಿ ಅರ್ಧವನ್ನು ಕುದುರೆಯ ಬೆನ್ನಮೇಲೆ ಕಳೆದರೆ ಹೇಗೆ ಸಂತೋಷವಾಗಬೇಕು?

‘ಎಲ್ಡನ್ ರಿಂಗ್’ ಇನ್ನೂ ಕಷ್ಟವಾಯಿತು. ಬೇರೆ ಆಟಗಳಲ್ಲಿರುವಂತೆ ಒಂದು ಗುಂಡಿ ಒತ್ತಿ ಆಟವನ್ನು ತಡೆದು ನಿಲ್ಲಿಸುವ ಸೌಲಭ್ಯ ಅದರಲ್ಲಿಲ್ಲ. ಮಗು ಎದ್ದು ಅತ್ತಾಗಲೆಲ್ಲ ನನ್ನ ಯೋಧ ನಿಂತಲ್ಲೇ ಸತ್ತ. ಇದನ್ನು ಯಾವ ವಿಮರ್ಶೆಯಲ್ಲೂ ನಾನು ಓದಿರಲಿಲ್ಲ, ಯಾವ ಗೆಳತಿಯೂ ಹೇಳಲಿಲ್ಲ. ಅವರಿಗೆ ಅದು ತೊಂದರೆಯೇ ಆಗಿರಲಿಲ್ಲ, ನೆನಪಾಗುವುದಾದರೂ ಹೇಗೆ? ಈಗ ಯಾರಾದರೂ ಆಟವೊಂದನ್ನು ಹೊಗಳಿದರೆ, ಅದು ಹೇಗಿದೆ ಎಂದು ನಾನು ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಆಡುತ್ತೀರಿ, ಒಮ್ಮೆ ಕುಳಿತರೆ ಎಷ್ಟು ಹೊತ್ತು, ನಡುವೆ ಎದ್ದು ಹೋಗಬಹುದೇ ಎಂದು ಕೇಳುತ್ತೇನೆ. ಹಾಗೆ ಕೇಳಿ ಕೊಂಡದ್ದು ‘ಹೇಡೀಸ್’. ಒಂದು ಸುತ್ತು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ನಡುವೆ ನಿಲ್ಲಿಸಿದರೂ ಅದೇ ಕೋಣೆಯಿಂದ ಮತ್ತೆ ಆಡಬಹುದು. ವರ್ಷವಾದರೂ ಬೇಸರ ಬಂದಿಲ್ಲ.

ಹುಬ್ಬಳ್ಳಿಯಿಂದ

‘ಎಲ್ಡನ್ ರಿಂಗ್’ ಬಗ್ಗೆ ಒಂದೇ ಮಾತು. ಹೊರಗೆ ಕಾಲಿಟ್ಟ ಕೂಡಲೇ ಕುದುರೆಯ ಮೇಲೆ ಚಿನ್ನದ ಕವಚದ ಯೋಧನೊಬ್ಬ ಎದುರಾಗುತ್ತಾನಲ್ಲ, ಅವನೊಡನೆ ಕಾದಾಡಲೇಬೇಕಿಲ್ಲ. ಸುತ್ತಿಬಳಸಿ ಹೋಗಿ, ಬಲ ಬಂದ ಮೇಲೆ ಮರಳಿ ಬನ್ನಿ. ನಾನು ಎರಡು ಸಂಜೆ ಅವನ ಕೈಯಲ್ಲಿ ಸತ್ತು ಆಟವೇ ಕೆಟ್ಟದೆಂದು ತೀರ್ಮಾನಿಸಿದ್ದೆ. ಸುತ್ತಿಹೋದ ಮೇಲೂ ಸಾಯುವುದು ತಪ್ಪುವುದಿಲ್ಲ. ಕಷ್ಟದ ಮಟ್ಟ ತಗ್ಗಿಸುವ ಆಯ್ಕೆ ಅದರಲ್ಲಿ ಇಲ್ಲ. ಸೋತು ಕಲಿಯುವುದು ಹಿತವೆನಿಸದಿದ್ದರೆ ಬಿಟ್ಟುಬಿಡಿ.

ತೀರ್ಥಹಳ್ಳಿಯಿಂದ

ನನಗೆ ಎಲ್ಲರೂ ‘ಸ್ಟಾರ್ಡ್ಯೂ ವ್ಯಾಲಿ’ ಹೇಳಿದರು. ಎರಿಕ್ ಬರೋನ್ ಎಂಬ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕುಳಿತು ಮಾಡಿ 2016ರಲ್ಲಿ ಹೊರತಂದ ಆಟ. ಅಜ್ಜ ಬಿಟ್ಟುಹೋದ ಪಾಳು ಜಮೀನಿಗೆ ಪಟ್ಟಣದಿಂದ ಮೊಮ್ಮಗಳು ಮರಳುವ ಕಥೆ. ಮನಸ್ಸಿಗೆ ನೆಮ್ಮದಿ ಕೊಡುತ್ತದೆ ಎಂದರು. ನಾನು ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳು, ನನಗೆ ಹಿಡಿಸದೆ ಇರುತ್ತದೆಯೇ ಎಂದುಕೊಂಡೆ.

ನೆಮ್ಮದಿಯ ಮಾತಿರಲಿ, ಎದೆ ಬಡಿತ ಹೆಚ್ಚಾಯಿತು. ಆಟದ ಒಂದು ದಿನ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಬೆಳಿಗ್ಗೆ ಆರಕ್ಕೆ ಎದ್ದು ನೀರು ಹಾಯಿಸುವಷ್ಟರಲ್ಲಿ ಬಿಸಿಲೇರುತ್ತದೆ, ಅಂಗಡಿ ಮುಚ್ಚುವ ಮೊದಲು ಊರಿಗೆ ಓಡಬೇಕು, ರಾತ್ರಿ ಎರಡರೊಳಗೆ ಮಲಗದಿದ್ದರೆ ಎಚ್ಚರ ತಪ್ಪಿ ಬೀಳುತ್ತೇವೆ. ಒಂದು ಋತುವಿಗೆ 28 ದಿನ. ವಸಂತದಲ್ಲಿ ತಡವಾಗಿ ಹೂಕೋಸು ನೆಟ್ಟೆ; ಅದಕ್ಕೆ 12 ದಿನ ಬೇಕೆಂದು ಲೆಕ್ಕ ಹಾಕಿರಲಿಲ್ಲ. ಬೇಸಿಗೆಯ ಮೊದಲ ಬೆಳಿಗ್ಗೆ ಎಲ್ಲವೂ ಒಣಗಿ ನಿಂತಿದ್ದವು. ಕೊಳೆರೋಗ ಬಂದ ವರ್ಷ ತೋಟದಲ್ಲಿ ನಿಂತ ಅಪ್ಪನ ಮುಖ ನೆನಪಾಗಿ ಆಟ ಮುಚ್ಚಿಟ್ಟೆ. ಪಟ್ಟಣದ ಗೆಳತಿಯರಿಗೆ ಅದು ಬರಿಯ ಆಟ. ನನಗೆ ಹಾಗಾಗಲಿಲ್ಲ.

ಆರು ತಿಂಗಳ ಬಳಿಕ ಮತ್ತೆ ತೆರೆದೆ. ಮೂರನೆಯ ವರ್ಷದ ಮೊದಲ ದಿನ ಅಜ್ಜನ ಆತ್ಮ ಬಂದು ನಮ್ಮ ಕೆಲಸವನ್ನು ಅಳೆಯುತ್ತದೆ ಎಂಬ ಹೆದರಿಕೆ ನನ್ನ ಗಡಿಬಿಡಿಗೆ ಕಾರಣವಾಗಿತ್ತು. ಅಜ್ಜನ ಗದ್ದಿಗೆಯ ಮೇಲೆ ವಜ್ರವೊಂದನ್ನು ಇಟ್ಟರೆ ಆತ ಮತ್ತೊಮ್ಮೆ ಬಂದು ನೋಡುತ್ತಾನೆ ಎಂದು ಆಮೇಲೆ ತಿಳಿಯಿತು. ಅವಸರವೇ ಬೇಕಿರಲಿಲ್ಲ! ಈಗ ಬೆಳೆ ಕಡಿಮೆ ಇಟ್ಟು, ಕೋಳಿ ಸಾಕಿ, ಮಳೆಯ ದಿನ ಊರು ತಿರುಗುತ್ತೇನೆ. ಮೀನು ಹಿಡಿಯುವುದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಹಾಗಾಗಿ ನಿಮ್ಮ ಮೂರು ಆಟಗಳನ್ನು ಅಳಿಸಬೇಡಿ ಎನ್ನುವುದಿಲ್ಲ, ಮಾರನೆಯ ದಿನವೇ ಅಳಿಸಬೇಡಿ ಎನ್ನುತ್ತೇನೆ.

ಬೆಂಗಳೂರಿನಿಂದ

ಯಾರೂ ಭಾಷೆಯ ಮಾತೆತ್ತಿಲ್ಲ. ಹತ್ತನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ‘ಡಿಸ್ಕೊ ಎಲಿಸಿಯಮ್’ಗಿಂತ ಚೆನ್ನಾಗಿ ಬರೆದ ಆಟವಿಲ್ಲ ಎಂದು ಸಹೋದ್ಯೋಗಿ ಹೇಳಿದರು. ಕಾದಾಟವಿಲ್ಲ, ಮಾತೇ ಎಲ್ಲ. ದಿನವಿಡೀ ಕಚೇರಿಯಲ್ಲಿ ಇಂಗ್ಲಿಷ್ ಓದಿ ಬಂದು, ಸಣ್ಣ ಅಕ್ಷರದಲ್ಲಿ ಇನ್ನಷ್ಟು ಗಡುಸಾದ ಇಂಗ್ಲಿಷ್ ಓದುವ ತ್ರಾಣ ನನಗಿರಲಿಲ್ಲ. ಬಹಳ ದಿನ ನನ್ನ ಬುದ್ಧಿಯೇ ಸಾಲದೆಂದು ಕುಗ್ಗಿದ್ದೆ. ಈಗ ಭಾನುವಾರ ಬೆಳಿಗ್ಗೆ ಮಾತ್ರ, ಅಕ್ಷರ ದೊಡ್ಡದು ಮಾಡಿಕೊಂಡು, ನಿಧಾನವಾಗಿ ಆಡುತ್ತೇನೆ. ಅದ್ಭುತವಾಗಿದೆ.

‘ವಿಚರ್ 3’ ನಿಮಗೆ ಗೊಂದಲ ಹುಟ್ಟಿಸಿದ್ದರೆ ಆಶ್ಚರ್ಯವಿಲ್ಲ. ಅದು ಮೂರನೆಯ ಕಂತು, ಅಲ್ಲಿನವರಿಗೆ ಒಬ್ಬರಿಗೊಬ್ಬರ ಹಳೆಯ ಪರಿಚಯವಿದೆ. ಕಷ್ಟದ ಮಟ್ಟವನ್ನು ತೀರಾ ಕೆಳಕ್ಕಿಳಿಸಿ, ವೆಲೆನ್ ಎಂಬ ಜೌಗು ನಾಡಿನ ಬ್ಯಾರನ್‌ನ ಕಥೆ ಮುಗಿಯುವವರೆಗೆ ನೋಡಿ. ಹೆಂಡತಿ, ಮಗಳು ಇಬ್ಬರನ್ನೂ ತನ್ನ ಕೈಯಾರೆ ದೂರ ಮಾಡಿಕೊಂಡವನ ಕಥೆ. ಅದೂ ತಟ್ಟದಿದ್ದರೆ ಉಳಿದದ್ದೂ ತಟ್ಟಲಾರದು.

ಹೇಳಿದವರು ಯಾವಾಗ ಆಡಿದ್ದು ಎಂದೂ ಕೇಳಿ. ‘ಸೈಬರ್‌ಪಂಕ್ 2077’ ಬಂದದ್ದು 2020ರ ಡಿಸೆಂಬರ್ 10ರಂದು. ದೋಷಗಳು ಎಷ್ಟಿದ್ದವೆಂದರೆ ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಮಳಿಗೆಯಿಂದ ತೆಗೆದುಹಾಕಿತು. ಮರಳಿ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ 2.0 ಪರಿಷ್ಕರಣೆ ಬಂದ ಮೇಲೆ ಆಡಿದವರು ಬೈಯುವುದು ಕಡಿಮೆ. ಹೆಸರು ಒಂದೇ, ಇಬ್ಬರು ಆಡಿದ ಆಟ ಬೇರೆ ಬೇರೆ.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ಧನ್ಯವಾದ. ‘ರೆಡ್ ಡೆಡ್’ ತೆಗೆದುಹಾಕಿದೆ, ನೂರು ಜಿಬಿಗೂ ಹೆಚ್ಚು ಜಾಗ ಖಾಲಿಯಾಯಿತು. ‘ವಿಚರ್’ ಅನ್ನು ಬ್ಯಾರನ್‌ವರೆಗೆ ಆಡುತ್ತೇನೆ. ‘ಎಲ್ಡನ್ ರಿಂಗ್’ ಬೇಸಿಗೆ ರಜೆಯ ತನಕ ಹಾಗೇ ಇರಲಿ. ಮೈಸೂರಿನವರಿಗೆ ಒಂದು ಪ್ರಶ್ನೆ: ‘ಹೇಡೀಸ್’ ಆಡಲು ಕೀಬೋರ್ಡ್ ಸಾಕೇ, ಕಂಟ್ರೋಲರ್ ಕೊಳ್ಳಬೇಕೇ?

ಮೈಸೂರಿನಿಂದ

ಕೀಬೋರ್ಡ್, ಮೌಸ್ ಸಾಕು. ನಾನು ಇಂದಿಗೂ ಅದರಲ್ಲೇ ಆಡುತ್ತಿದ್ದೇನೆ.