ಭಿನ್ನರಾಶಿಗಳ ಭಾಗಾಕಾರದಲ್ಲಿ ಮಕ್ಕಳು ಎಡವುವುದೆಲ್ಲಿ?

ಪ್ರಶ್ನೆ, ಡೊಂಬಿವಲಿಯಿಂದ:
ಆರನೆಯ ತರಗತಿಯ ಮಗಳಿಗೆ ಮನೆಯಲ್ಲಿ ಕನ್ನಡದಲ್ಲೇ ಗಣಿತ ಹೇಳಿಕೊಡುತ್ತಿದ್ದೇನೆ. ಭಿನ್ನರಾಶಿಗಳ ಗುಣಾಕಾರವನ್ನು ಸಲೀಸಾಗಿ ಮಾಡುವವಳು ಭಾಗಾಕಾರಕ್ಕೆ ಬಂದ ಕೂಡಲೇ ತಡವರಿಸುತ್ತಾಳೆ; 3/4 ÷ 2/5 ಎಂಬ ಒಂದೇ ಲೆಕ್ಕಕ್ಕೆ ಒಮ್ಮೆ 8/15 ಎಂದೂ ಇನ್ನೊಮ್ಮೆ 3/10 ಎಂದೂ ಬರೆದಳು. ಮಕ್ಕಳಿಗೆ ಇದನ್ನು ಕಲಿಸಿದವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ಮುಲುಂಡಿನಿಂದ, ನಿವೃತ್ತ ಶಿಕ್ಷಕಿ:
8/15 ಬಂದದ್ದು ಭಾಜಕದ ಬದಲು ಭಾಜ್ಯವನ್ನು ತಲೆಕೆಳಗು ಮಾಡಿದ್ದರಿಂದ. 3/10 ಬಂದದ್ದು ಯಾವುದನ್ನೂ ತಲೆಕೆಳಗು ಮಾಡದೆ ಗುಣಿಸಿದ್ದರಿಂದ. (ಎರಡನ್ನೂ ತಲೆಕೆಳಗು ಮಾಡಿ 10/3 ಎಂದು ಬರೆಯುವ ಮಕ್ಕಳೂ ಇದ್ದಾರೆ.) ನಿಯಮವನ್ನು ಮತ್ತೆ ಮತ್ತೆ ಉರು ಹೊಡೆಸುವುದಕ್ಕಿಂತ, ಪೆನ್ಸಿಲ್ ಹಿಡಿಯುವ ಮೊದಲು ‘ಮುಕ್ಕಾಲಿನಲ್ಲಿ 2/5 ಎಷ್ಟು ಸಲ ಹಿಡಿಸುತ್ತದೆ?’ ಎಂದು ಕೇಳುವುದೇ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅನುಭವ. 2/5 ಮುಕ್ಕಾಲಿಗಿಂತ ಚಿಕ್ಕದಾದ್ದರಿಂದ ಒಂದು ಸಲವಂತೂ ಹಿಡಿಸಲೇಬೇಕು. ಅವಳ ಎರಡು ಉತ್ತರಗಳೂ ಒಂದಕ್ಕಿಂತ ಕಡಿಮೆ. ಸರಿಯುತ್ತರ 15/8. ಭಾಗಿಸಿದರೆ ಸಂಖ್ಯೆ ಕಿರಿದಾಗಲೇಬೇಕೆಂಬ, ಪೂರ್ಣಸಂಖ್ಯೆಗಳಿಂದ ಬೆಳೆದುಬಂದ ನಂಬಿಕೆ ಎಷ್ಟು ಗಟ್ಟಿಯೆಂದರೆ, 6 ÷ 1/2 ಎಂದರೆ 3 ಎನ್ನುವ ಮಗುವಿಗೆ 12 ಎಂಬ ಉತ್ತರ ಮೋಸದಂತೆ ಕಾಣುತ್ತದೆ.

ತಲೆಕೆಳಗು ಮಾಡುವುದೇಕೆ ಎಂದು ಕೇಳಿದರೆ ಛೇದಗಳನ್ನು ಸಮ ಮಾಡಿ ತೋರಿಸಿ. 15/20 ÷ 8/20 ಎಂದಾಗ ಎರಡೂ ಕಡೆ ಇರುವುದು ಇಪ್ಪತ್ತನೆಯ ಭಾಗಗಳೇ ಆದ್ದರಿಂದ ಉಳಿಯುವುದು 15 ÷ 8 ಮಾತ್ರ. ಕೂಡುವ ಲೆಕ್ಕದ ಅಭ್ಯಾಸದಿಂದ 20ನ್ನು ಉತ್ತರದಲ್ಲೂ ಉಳಿಸಿಕೊಳ್ಳದಂತೆ ನೋಡಿಕೊಳ್ಳಬೇಕು. ಭಾಜಕದ ಅಂಶ, ಛೇದಗಳನ್ನು ಅದಲುಬದಲು ಮಾಡಿ ಗುಣಿಸುವ ನಿಯಮವನ್ನು 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯರೇ ಹೇಳಿದ್ದಾರೆಂದು ತಿಳಿಸಿದರೆ ಮಕ್ಕಳಿಗೂ ಕುತೂಹಲ ಹುಟ್ಟುತ್ತದೆ.

ಪುಣೆಯ ಚಿಂಚ್‌ವಡದಿಂದ:
ನನ್ನ ಮಗನ ತೊಂದರೆ ಬೇರೆಯದಾಗಿತ್ತು. ತಲೆಕೆಳಗು ಮಾಡುವ ಮೊದಲೇ ಸಂಖ್ಯೆಗಳನ್ನು ಅಡ್ಡಡ್ಡ ಹೊಡೆದುಹಾಕುತ್ತಿದ್ದ: 4/9 ÷ 3/8ರಲ್ಲಿ 4 ಮತ್ತು 8ನ್ನು, 9 ಮತ್ತು 3ನ್ನು ಹೊಡೆದು, 1/3 ÷ 1/2 ಮಾಡಿ, 2/3 ಎಂದು ಮುಗಿಸುತ್ತಿದ್ದ. ವಾಸ್ತವವಾಗಿ ಅದು 4/9 × 8/3, ಅಂದರೆ 32/27. ಹೊಡೆದುಹಾಕಲು ಅಲ್ಲಿ ಏನೂ ಇಲ್ಲ. ಗುಣಾಕಾರದ ಚಿಹ್ನೆ ಬರುವವರೆಗೆ ಏನನ್ನೂ ಹೊಡೆಯಕೂಡದೆಂದು ಕಟ್ಟುನಿಟ್ಟು ಮಾಡಿದ ಮೇಲೆ ಅದು ನಿಂತಿತು. ಮಿಶ್ರ ಭಿನ್ನರಾಶಿಗಳಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ, ಭಿನ್ನವನ್ನು ಭಿನ್ನದಿಂದ ಭಾಗಿಸುವುದೂ ಉಂಟು. 4½ ÷ 1½ಕ್ಕೆ 5 ಎಂದು ಬರುವುದು ಹಾಗೆಯೇ. ವಿಷಮ ಭಿನ್ನರಾಶಿ ಮಾಡಿಕೊಂಡರೆ 9/2 × 2/3, ಉತ್ತರ 3.

ಗೋವೆಯ ವಾಸ್ಕೊದಿಂದ:
ಉತ್ತರ ಸರಿಯಾಗಿ ಬಂದರೂ ಅರ್ಥ ತಪ್ಪುವುದುಂಟು. ಎರಡು ಲೀಟರ್ ತೆಂಗಿನೆಣ್ಣೆಯನ್ನು ಮುಕ್ಕಾಲು ಲೀಟರಿನ ಬಾಟಲಿಗಳಿಗೆ ತುಂಬಬೇಕು (ಗೋವೆಯಲ್ಲಿ ಆ ಅಳತೆಯ ಖಾಲಿ ಬಾಟಲಿಗಳಿಗೆ ಬರವಿಲ್ಲ, ಕಾರಣ ವಿವರಿಸಬೇಕಾಗಿಲ್ಲ). 2 ÷ 3/4 ಎಂದರೆ 2⅔. ಎರಡು ಬಾಟಲಿ ತುಂಬಿದ ಮೇಲೆ ಉಳಿಯುವುದು ಅರ್ಧ ಲೀಟರ್. ಹಾಗಾದರೆ ⅔ ಎಲ್ಲಿಂದ ಬಂತೆಂದು ಮಗಳು ಪಟ್ಟು ಹಿಡಿದಳು. ಉಳಿದ ಎಣ್ಣೆಯನ್ನು ಮೂರನೆಯ ಬಾಟಲಿಗೆ ಸುರಿದು ತೋರಿಸಿದೆ: ಲೀಟರಿನ ಲೆಕ್ಕದಲ್ಲಿ ಅರ್ಧವಾದದ್ದು ಬಾಟಲಿಯ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು.

ಡೊಂಬಿವಲಿಯಿಂದ ಮತ್ತೆ:
ಎಲ್ಲರಿಗೂ ಧನ್ಯವಾದಗಳು. ಒಂದು ಸಂಶಯ: 8/15 ÷ 2/3ರಲ್ಲಿ ಅವಳು 8ನ್ನು 2ರಿಂದ, 15ನ್ನು 3ರಿಂದ ನೇರವಾಗಿ ಭಾಗಿಸಿ 4/5 ಎಂದು ಬರೆದಿದ್ದಾಳೆ. ಇದು ತಪ್ಪೇ?

ಮುಲುಂಡಿನಿಂದ:
ತಪ್ಪಲ್ಲ. ಆ ವಿಧಾನ ಯಾವಾಗಲೂ ಸರಿಯೇ. ಆದರೆ ಶೇಷವಿಲ್ಲದೆ ಭಾಗವಾಗುವಲ್ಲಿ ಮಾತ್ರ ಅನುಕೂಲ. 3/4 ÷ 2/5ಕ್ಕೆ ಹಾಗೆ ಮಾಡಹೊರಟರೆ ಅಂಶದಲ್ಲೂ ಛೇದದಲ್ಲೂ ಮತ್ತೆ ಭಿನ್ನರಾಶಿಗಳೇ ಬಂದು ಕೂರುತ್ತವೆ.