ಪದಚರ್ಚೆ: ಹಳೇ ಕಾರಿನ ‘ಹೆಡ್‌ಲೈನರ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆಗೇ ಬೇಕು

ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ಹಳೇ ಅಂಬಾಸಡರ್, ಪದ್ಮಿನಿ ಕಾರುಗಳ ಒಳಗೆ ತಲೆಯ ಮೇಲೆ ಬಿಗಿದಿರುವ ಬಟ್ಟೆ ಇರುತ್ತದಲ್ಲ, ಅದನ್ನು ಅಳತೆಗೆ ಹೊಲಿದು ಮಾರುವ ಅಂಗಡಿಯವರು ಒಂದು ಹಾಳೆ ಅನುವಾದಕ್ಕೆ ಕೊಟ್ಟಿದ್ದಾರೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವುದು ಹೇಗೆ ಅಂತ ಹಂತ ಹಂತವಾಗಿ ಬರೆದಿದೆ. ಓದುವವರು ಕುಷನ್ ಅಂಗಡಿಯ ಹುಡುಗರು. ಅಂಗಡಿ ಮುಂದೆ ಹಾಕುವ ಬೋರ್ಡಿಗೂ ಅದೇ ಪದ ಬೇಕಂತೆ. ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ.

ಕಂಪ್ಯೂಟರಿಗೆ ಹಾಕಿ ನೋಡಿದೆ. ‘ಹೊಸ ಮುಖ್ಯಾಂಶವನ್ನು ಹಿಂದಿನಿಂದ ಮುಂದಕ್ಕೆ ಎಳೆಯಿರಿ’ ಅಂತ ಬಂತು. ನಿಘಂಟುಗಳಲ್ಲಿ ಪತ್ರಿಕೆಯ ತಲೆಬರಹ ಬಿಟ್ಟು ಮುಂದೆ ಹೋಗಿಲ್ಲ. ‘ಒಳಚಾವಣಿ ಹೊದಿಕೆ’ ಅಂತ ಸದ್ಯಕ್ಕೆ ಹಾಕಿದ್ದೇನೆ. ನನಗೇ ಹಿಡಿಸಿಲ್ಲ.

ಶಿವಮೊಗ್ಗದಿಂದ:

ಮುಚ್ಚಿಗೆ.

ಮಲೆನಾಡಿನ ಹಳೇ ಮನೆ ನೋಡಿದವರಿಗೆ ವಿವರಿಸಬೇಕಿಲ್ಲ, ತಲೆಯ ಮೇಲೆ ಹಲಗೆ ಹೊಡೆದು ಮುಚ್ಚಿರುತ್ತಾರಲ್ಲ, ಅದೇ. ಹಾಸು ಹಾಸಿಗೆ, ಉಡು ಉಡಿಗೆ, ಅಡು ಅಡಿಗೆ, ಮುಚ್ಚು ಮುಚ್ಚಿಗೆ. ‘ಚಾವಣಿ’ ಮರಾಠಿ ಕಡೆಯಿಂದ ಬಂದದ್ದು, ನಮಗೆ ಬೇಡ. ಮಲಯಾಳದಲ್ಲಿ ಇದಕ್ಕೇ ‘ಮಚ್ಚ್’ ಅನ್ನುತ್ತಾರೆ, ಅದೂ ಇದೇ ಬೇರಿನದು. ಇನ್ನು ಚರ್ಚೆ ಬೇಕಿಲ್ಲ.

ತುಮಕೂರಿನಿಂದ:

ಹೆಡ್ ಅಂದರೆ ತಲೆ, ಆದ್ದರಿಂದ ‘ತಲೆಹೊದಿಕೆ’ ಆಗಬಹುದಲ್ಲವೇ?

ಶಿವಮೊಗ್ಗದಿಂದ:

ಅದು ಮಂಕಿ ಕ್ಯಾಪು.

ಧಾರವಾಡದಿಂದ:

ಶಿವಮೊಗ್ಗದ ಸರ್, ಮಚ್ಚಿನ ‘ಅ’ ನಿಮ್ಮ ಮುಚ್ಚಿಗೆಯಲ್ಲಿ ‘ಉ’ ಆದದ್ದು ಹೇಗೆ? ಒಂದೇ ಒಂದು ಉದಾಹರಣೆ ಕೊಡ್ರಿ ಸಾಕು. ಮಚ್ಚು ಸಂಸ್ಕೃತದ ‘ಮಂಚ’ದಿಂದ ಬಂದಿರಬಹುದು ಅನ್ನುವವರೂ ಇದ್ದಾರೆ, ಆಗ ನಿಮ್ಮ ಅಚ್ಚಗನ್ನಡ ಮಂಚದ ಕೆಳಗೆ ಹೋಗುತ್ತದೆ.

ಮೈಸೂರಿನವರೇ, ದರ್ಜಿಗಳನ್ನು ಕೇಳಿ. ಕೋಟಿನ ಒಳಗೆ ಹೊಲಿಯುವ ಬಟ್ಟೆಗೆ ನಮ್ಮ ಕಡೆ ‘ಅಸ್ತರ’ ಅನ್ನುತ್ತಾರೆ. ತಗಡಿನ ಮೈಗೆ ಒಳಗಿನಿಂದ ಕೊಟ್ಟ ಬಟ್ಟೆಯೂ ಅಸ್ತರವೇ. ಪಾರ್ಸಿ ಮೂಲದ್ದು, ನಿಜ. ನಮ್ಮ ಅಜ್ಜಂದಿರ ಕೋಟಿಗೂ ಅದೇ ಇತ್ತು.

ಬೆಂಗಳೂರಿನಿಂದ:

ಪದ ಹುಡುಕುವ ಮೊದಲು ವಸ್ತು ಯಾವುದು ಅಂತ ಯಾರೂ ಕೇಳಲಿಲ್ಲ. ನಾನು ಹಳೇ ಕಾರು ಸರಿಮಾಡಿಸಿಕೊಳ್ಳುವ ಹುಚ್ಚಿನವನು, ಪಂಡಿತನಲ್ಲ. ಇಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ.

ಈಗಿನ ಕಾರುಗಳಲ್ಲಿ ಅಚ್ಚು ಹೊಡೆದ ಒಂದು ಹಲಗೆ ಇರುತ್ತದೆ. ಅದರ ಮೇಲೆ ತೆಳು ಫೋಮ್, ಫೋಮಿನ ಮೇಲೆ ಬಟ್ಟೆ. ಬಿಸಿಲಿಗೆ ವರ್ಷಗಟ್ಟಲೆ ನಿಂತರೆ ಫೋಮ್ ಪುಡಿಯಾಗಿ ಬಟ್ಟೆ ಜೋತುಬೀಳುತ್ತದೆ. ಜನ ಅದಕ್ಕೇ ಅಂಟು ಹಾಕಿ ಒತ್ತುತ್ತಾರೆ. ನಿಲ್ಲುವುದಿಲ್ಲ, ಅಂಟು ಹಿಡಿಯುವುದು ಪುಡಿಯನ್ನು. ಹಲಗೆ ಹೊರಗೆ ತೆಗೆದು, ಉಜ್ಜಿ, ಹೊಸ ಬಟ್ಟೆಯನ್ನೇ ಹಾಕಬೇಕು.

ಅಂಬಾಸಡರ್ ಹಾಗಲ್ಲ. ಅದು ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಗಾಡಿ. 2014ರವರೆಗೂ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು, ಆದರೆ ಅದರ ಮೈಕಟ್ಟು 1950ರ ದಶಕದ ಇಂಗ್ಲೆಂಡಿನದು. ಹಳೇ ಅಂಬಾಸಡರಿನಲ್ಲಿ ಬಟ್ಟೆ ತಗಡಿಗೆ ಅಂಟಿರುವುದೇ ಇಲ್ಲ, ನೇತಾಡುತ್ತಿರುತ್ತದೆ. ಬಟ್ಟೆಯ ಬೆನ್ನಿಗೆ ಅಡ್ಡಡ್ಡಲಾಗಿ ಪಟ್ಟಿ ಹೊಲಿದಿರುತ್ತಾರೆ, ಲಂಗಕ್ಕೆ ಲಾಡಿ ತೂರಿಸುತ್ತಾರಲ್ಲ, ಹಾಗೆ. ಅದರೊಳಗೆ ಬಾಗಿದ ಕಬ್ಬಿಣದ ಸರಳು ಹೋಗುತ್ತದೆ. ಸರಳಿನ ಎರಡು ತುದಿ ಬಾಗಿಲ ಮೇಲಿನ ತೂತಿನಲ್ಲಿ ಕೂರುತ್ತದೆ. ಅಂಟು ಬರುವುದು ಅಂಚಿನಲ್ಲಿ ಮಾತ್ರ.

ಅನುವಾದಕರು ಈ ಸರಳನ್ನು ಮರೆಯಬೇಡಿ, ಇಡೀ ಕೆಲಸ ಅದರ ಮೇಲೆ ನಿಂತಿದೆ. ಒಂದೊಂದು ಸರಳಿನ ಉದ್ದ, ಬಾಗು ಬೇರೆ. ಬಿಚ್ಚುವಾಗಲೇ ಮುಂದಿನಿಂದ ಹಿಂದಕ್ಕೆ ನಂಬರ್ ಬರೆದ ಚೀಟಿ ಕಟ್ಟದಿದ್ದರೆ ಆಮೇಲೆ ಯಾವುದು ಎಲ್ಲಿಗೆ ಅಂತ ಗೊತ್ತಾಗುವುದಿಲ್ಲ. ತುಕ್ಕು ಹಿಡಿದಿದ್ದರೆ ಉಜ್ಜಿ ಪೇಂಟ್ ಹೊಡೆಯಬೇಕು, ಇಲ್ಲದಿದ್ದರೆ ತಿಳಿ ಬಣ್ಣದ ಬಟ್ಟೆಗೆ ಮಳೆಗಾಲದಲ್ಲಿ ಕಂದು ಗೀಟು ಇಳಿಯುತ್ತದೆ. ಮುಂದಿನ, ಹಿಂದಿನ ಗಾಜು ತೆಗೆಯಲೇಬೇಕು, ಬಟ್ಟೆಯ ಅಂಚು ಹೋಗಿ ಕೂರುವುದು ಗಾಜಿನ ರಬ್ಬರಿನ ಅಡಿಗೆ. ಗಾಜು ತೆಗೆಯದೆ ಅಂಚು ಒಳಗೆ ತುರುಕುತ್ತೇವೆ ಅನ್ನುವ ಅಂಗಡಿಗಳಿವೆ. ಅಂಥ ಕಡೆ ಕೊಡಬೇಡಿ.

ಹೊಸದನ್ನು ಹಾಕುವಾಗ ತಗಡಿಗೂ ಬಟ್ಟೆಗೂ ನಡುಗೆರೆ ಗುರುತು ಮಾಡಿಕೊಳ್ಳಬೇಕು. ರೆಕ್ಸಿನ್ ಆದರೆ ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ, ಮಡಿಕೆ ಬಿಡುತ್ತದೆ. ಮೊದಲು ಮುಂದೆ ಹಿಂದೆ ಎಳೆದು ಕ್ಲಿಪ್ ಹಾಕಿ, ಆಮೇಲೆ ಪಕ್ಕಗಳು, ಯಾವಾಗಲೂ ನಡುವಿನಿಂದ ಮೂಲೆ ಕಡೆಗೆ. ಅಂಟನ್ನು ತಗಡಿಗೂ ಬಟ್ಟೆಗೂ ಎರಡೂ ಕಡೆ ಬಳಿದು, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಹಸಿ ಇದ್ದಾಗ ಒತ್ತಿದರೆ ಜಾರುತ್ತದೆ. ಪಕ್ಕಗಳಲ್ಲಿ ಪಟ್ಟಿಯ ತುದಿಯನ್ನು ಚೂರು ಚೂರೇ ಕತ್ತರಿಸುತ್ತಾ ಬರಬೇಕು, ಜಾಸ್ತಿ ಕತ್ತರಿಸಿದರೆ ಹೊರಗಿನಿಂದ ತೂತು ಕಾಣುತ್ತದೆ. ಲೈಟಿನ ತೂತು ಎಲ್ಲ ಮುಗಿದ ಮೇಲೆ.

ಪದ ಏನಾದರೂ ಇಡಿ. ಇಲ್ಲಿ ಜೆ.ಸಿ. ರಸ್ತೆಯಲ್ಲಿ ‘ರೂಫ್ ಲೈನಿಂಗ್’ ಅಂತ ಕೇಳಿದರೆ ಕೊಡುತ್ತಾರೆ. ‘ಟಾಪ್ ಬಟ್ಟೆ’ ಅಂದರೂ ಕೊಡುತ್ತಾರೆ.

ಶಿವಮೊಗ್ಗದಿಂದ:

ವಿವರಕ್ಕೆ ಧನ್ಯವಾದ. ‘ಟಾಪ್ ಬಟ್ಟೆ’ ಸಾಧ್ಯವಿಲ್ಲ. ಟಾಪು ಅಂದರೆ ಬಸ್ಸಿನ ಮೇಲೆ ಲಗೇಜು ಹಾಕುವ ಜಾಗ. ಹಳ್ಳಿಯವನು ಟಾರ್ಪಾಲು ಅಂದುಕೊಳ್ಳುತ್ತಾನೆ.

ಉಡುಪಿಯಿಂದ:

ಬೆಂಗಳೂರಿನವರು ಹೇಳಿದ್ದನ್ನು ಓದಿದ ಮೇಲೆ ಮುಚ್ಚಿಗೆ ಹೊಂದುವುದಿಲ್ಲ ಅನಿಸುತ್ತದೆ. ನಮ್ಮ ಮನೆಗಳ ಮುಚ್ಚಿಗೆ ಮರದ್ದು, ಗಟ್ಟಿ. ಹಲಗೆಯ ಮೇಲೆ ಹಲಗೆ. ಅದು ಬೇಕಾದರೆ ಈಗಿನ ಕಾರುಗಳ ಅಚ್ಚಿನ ಹಲಗೆಗೆ ಆಗಬಹುದು. ಬಟ್ಟೆಯನ್ನು ತಲೆಯ ಮೇಲೆ ಬಿಗಿದು ಕಟ್ಟಿದರೆ ಅದಕ್ಕೆ ‘ಮೇಲ್ಕಟ್ಟು’ ಅಂತ ಪದವೇ ಇದೆ. ಮದುವೆ ಮಂಟಪದಲ್ಲಿ, ದೇವರ ಮೇಲೆ ಕಟ್ಟುತ್ತಾರಲ್ಲ, ಅದೇ. ಬಟ್ಟೆ, ಮೇಲೆ, ಕಟ್ಟಿದ್ದು. ಮೂರೂ ಇದರಲ್ಲಿದೆ. ಹೊಸದಾಗಿ ಹುಟ್ಟಿಸುವ ಅಗತ್ಯ ಏನು?

ಮೈಸೂರಿನಿಂದ:

ಮೇಲ್ಕಟ್ಟು ನನಗೆ ಹಿಡಿಸಿತು ಮೇಡಂ. ಬಾಗಿದ ಸರಳಿಗೆ ಏನನ್ನಲಿ? ಮೂಲದಲ್ಲಿ ‘ಬೋ’ ಅಂತಿದೆ. ಬಿಲ್ಲು ಅಂತ ಹಾಕಿದರೆ ಅಂಗಡಿಯವರು ಹಣ ಕೇಳುವ ಬಿಲ್ಲು ಅಂದುಕೊಂಡಾರು.

ಉಡುಪಿಯಿಂದ:

ಕಮಾನು. ಕಮಾನು ಗಾಡಿ ಕೇಳಿಲ್ವಾ? ಎತ್ತಿನ ಗಾಡಿಗೆ ಬಿದಿರು ಬಗ್ಗಿಸಿ ಮೇಲೆ ಚಾಪೆಯನ್ನೋ ಬಟ್ಟೆಯನ್ನೋ ಕಟ್ಟಿದ್ದು. ಕಾರಿನಲ್ಲಿ ಇರುವುದೂ ಅದೇ, ಬಿದಿರಿನ ಬದಲು ಕಬ್ಬಿಣ.

ಶಿವಮೊಗ್ಗದಿಂದ:

ಕಮಾನು ಪಾರ್ಸಿ. ಜಂತೆ ಅನ್ನಿ. ಮುಚ್ಚಿಗೆಯನ್ನು ಹೊರುವುದು ಜಂತೆ ತಾನೇ.

ಬೆಂಗಳೂರಿನಿಂದ:

ಜಂತೆ ನೆಟ್ಟಗಿರುತ್ತದೆ ಸರ್. ಇದು ಬಾಗಿದೆ. ಆದರೆ ಲಾರಿ ಷೆಡ್ಡಿನಲ್ಲಿ ಬೆಳೆದ ಹುಡುಗರು ಕೆಲವರು ಕಮಾನು ಅಂದರೆ ಲಾರಿ ಅಡಿಯ ಲೀಫ್ ಸ್ಪ್ರಿಂಗ್ ಅಂದುಕೊಳ್ಳುತ್ತಾರೆ. ‘ಮೇಲಿನ ಕಮಾನು’ ಅಂತ ಒಂದು ಸಲ ಬರೆದುಬಿಡಿ.

ಧಾರವಾಡದಿಂದ:

ಅಲ್ರೀ, ಈ ಪಾರ್ಸಿ ಕಂಡರೆ ಯಾಕಿಷ್ಟು ಉರಿ? ಶಿವಮೊಗ್ಗದವರು ಕೂತಿರುವುದು ಕುರ್ಚಿಯ ಮೇಲೆ, ಅದು ಅರಬ್ಬಿ. ಬರೆಯುವುದು ಕಾಗದದ ಮೇಲೆ, ಅದು ಪಾರ್ಸಿ. ಬಟ್ಟೆ ಕೊಯ್ಯುವ ಕತ್ತರಿ, ಹೊಲಿಯುವ ಸೂಜಿ ಎರಡೂ ಸಂಸ್ಕೃತದಿಂದ ಬಂದವು, ಕರ್ತರಿ ಮತ್ತು ಸೂಚಿ. ಇವನ್ನೆಲ್ಲ ತೆಗೆದರೆ ಆ ಕಾರಿನ ಕೆಲಸವನ್ನು ಉಗುರಿನಲ್ಲಿ ಮಾಡಬೇಕಾಗುತ್ತದೆ.

ಶಿವಮೊಗ್ಗದಿಂದ:

ಕತ್ತರಿ, ಸೂಜಿ ತದ್ಭವ. ನಮ್ಮ ನಾಲಗೆಗೆ ತಿದ್ದಿಕೊಂಡು ತಂದದ್ದು. ನೀವು ತರುತ್ತಿರುವುದು ತಿದ್ದದೆ ತಂದ ಮಾಲು. ವ್ಯತ್ಯಾಸ ಗೊತ್ತಿಲ್ಲದವರ ಹತ್ತಿರ ವಾದ ಮಾಡುವುದಿಲ್ಲ.

ಧಾರವಾಡದಿಂದ:

ಆಸ್ತರ್ ಅನ್ನುವುದನ್ನು ಅಸ್ತರ ಮಾಡಿಕೊಂಡಿದ್ದೇವೆ. ದೀರ್ಘ ಹೋಯಿತು, ಕೊನೆಗೆ ಸ್ವರ ಬಂತು. ಇನ್ನೆಷ್ಟು ತಿದ್ದಬೇಕು? ರೇಷನ್ ಕಾರ್ಡ್ ಮಾಡಿಸಬೇಕೇ?

ಹಾಸನದಿಂದ:

ನಡುವೆ ಬಾಯಿ ಹಾಕುತ್ತಿದ್ದೇನೆ. ‘ಕಾರು ಮುಚ್ಚಿಗೆ’ ಅಂತ ಸಮಾಸ ಮಾಡಿದರೆ ‘ಕಾರ್ಮುಚ್ಚಿಗೆ’ ಆಗಿ ಕಾರ್ಮೋಡದ ತಮ್ಮನಂತೆ ಕೇಳಿಸುತ್ತದೆ. ಬಿಳಿ ರೆಕ್ಸಿನ್ ಹಾಕಿಸಿದವರು ಜಗಳಕ್ಕೆ ಬರುತ್ತಾರೆ. ಇಂಗ್ಲಿಷಿನ ಕಾರಿಗೆ ಕನ್ನಡದ ಮುಚ್ಚಿಗೆ ಸೇರಿಸಿದರೆ ಅರಿಸಮಾಸ, ಅಂದರೆ ಎರಡು ಭಾಷೆ ಬೆರೆಸಿದ ತಪ್ಪು ಸಮಾಸ, ಅಲ್ಲವೇ ಅಂತಲೂ ಯಾರಾದರೂ ಹೇಳಿ.

ಶಿವಮೊಗ್ಗದಿಂದ:

ಅರಿಸಮಾಸದ ಮಾತು ಸಂಸ್ಕೃತ ಮತ್ತು ಕನ್ನಡಕ್ಕೆ. ಆ ನಿಯಮ ಹೇಳಿದ ವ್ಯಾಕರಣಕಾರ ಕೇಶಿರಾಜ ಹದಿಮೂರನೇ ಶತಮಾನದವನು, ಅವನ ಮುಂದೆ ಅಂಬಾಸಡರ್ ಇರಲಿಲ್ಲ. ಅವನೇ ಬಿರುದುಗಳಲ್ಲಿ, ಹಿಂದಿನ ಕವಿಗಳು ಬಳಸಿದ ಕಡೆ ಬಿಟ್ಟುಕೊಟ್ಟಿದ್ದಾನೆ. ಸುಮ್ನೆ ಹೆಸರು ಎಳೆಯಬೇಡಿ.

ಉಡುಪಿಯಿಂದ:

ಕೇಶಿರಾಜ ಬಿಟ್ಟುಕೊಟ್ಟಷ್ಟು ನೀವು ಬಿಟ್ಟುಕೊಡುತ್ತಿಲ್ಲವಲ್ಲ ಸರ್. ಪೇಂಟ್ ಅಂದಿರಿ ಅಂತ ಬೆಂಗಳೂರಿನವರಿಗೆ ಏನೂ ಹೇಳಲಿಲ್ಲ, ಕ್ಲಿಪ್ಪಿಗೂ ಸುಮ್ಮನಿದ್ದಿರಿ. ಇಂಗ್ಲಿಷಿಗೆ ಬಾಗಿಲು ತೆರೆದು ಪಾರ್ಸಿಗೆ ಚಿಲಕ ಹಾಕುವುದು ಯಾವ ಲೆಕ್ಕ? ಕನ್ನಡದ ಪದ ಇದ್ದಲ್ಲಿ ಕನ್ನಡದ್ದೇ ಇರಲಿ, ಅದಕ್ಕೇ ಮೇಲ್ಕಟ್ಟು ಅಂದೆ. ಇಲ್ಲದ ಕಡೆ ಊರಿನವರ ಬಾಯಲ್ಲಿ ಏನಿದೆಯೋ ಅದು.

ಶಿವಮೊಗ್ಗದಿಂದ:

ಮೇಲ್ಕಟ್ಟಿಗೆ ನನ್ನ ವಿರೋಧ ಇಲ್ಲ. ಕಮಾನಿಗೆ ಇದೆ. ದಾಖಲಾಗಲಿ.

ದಾವಣಗೆರೆಯಿಂದ:

ನಾನು ಹೊಲಿಗೆ ಕೆಲಸದವಳು. ಸರಳು ತೂರಿಸುವ ಆ ಪಟ್ಟಿಗೆ ಯಾರೂ ಹೆಸರು ಹೇಳಲಿಲ್ಲ. ‘ತೋಳು’ ಅಂತ ಅನುವಾದ ಮಾಡಬೇಡಿ, ಮೂಲದಲ್ಲಿ ಸ್ಲೀವ್ ಅಂತ ಇದ್ದರೂ ಸಹ. ಕಾರಿಗೆ ಜುಬ್ಬ ಹೊಲಿಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ‘ಕಮಾನು ತೂರಿಸುವ ಪಟ್ಟಿ’ ಅಂತ ಬಿಡಿಸಿ ಬರೆಯಿರಿ. ಎರಡನೇ ಸಲದಿಂದ ಬರೀ ಪಟ್ಟಿ ಸಾಕು.

ಧಾರವಾಡದವರ ಅಸ್ತರಕ್ಕೆ ಒಂದು ಮಾತು. ಅಸ್ತರ ಮೇಲಿನ ಬಟ್ಟೆಯ ಜೊತೆ ಸೇರಿಕೊಂಡೇ ಇರುತ್ತದೆ, ಕಣ್ಣಿಗೆ ಕಾಣಬಾರದು. ಇದು ತಗಡಿನಿಂದ ದೂರ ನಿಂತಿದೆ, ಕಾಣುವುದಕ್ಕೇ ಹಾಕಿದ್ದು. ನನ್ನ ಪ್ರಕಾರ ಅಸ್ತರ ಆಗುವುದಿಲ್ಲ.

ಧಾರವಾಡದಿಂದ:

ಹೊಲಿಯುವವರು ಹೇಳಿದ ಮೇಲೆ ಮುಗೀತು. ಆದರೆ ತಗಡಿಗೂ ಬಟ್ಟೆಗೂ ನಡುವೆ ಸದ್ದು, ಬಿಸಿಲು ತಡೆಯಲು ಒಂದು ಫೆಲ್ಟ್ ಅಂಟಿಸುತ್ತಾರಲ್ಲ, ಅದು ಅಸ್ತರ. ಕಣ್ಣಿಗೆ ಕಾಣುವುದಿಲ್ಲ, ಸೇರಿಕೊಂಡೇ ಇದೆ. ಅದನ್ನಾದರೂ ನಮಗೆ ಬಿಡ್ರಿ.

ಮೈಸೂರಿನಿಂದ:

ಎಲ್ಲರಿಗೂ ಋಣಿ. ಅಂಗಡಿ ಮಾಲೀಕರ ಜೊತೆ ಮಾತಾಡಿದೆ. ಬೋರ್ಡಿನಲ್ಲಿ ‘ರೂಫ್ ಲೈನಿಂಗ್’ ಅಂತಲೇ ಇರಬೇಕಂತೆ, ಗಿರಾಕಿ ಅದನ್ನೇ ಕೇಳಿಕೊಂಡು ಬರುವುದು. ಒಳಗಿನ ಹಾಳೆಯಲ್ಲಿ ನನ್ನಿಷ್ಟ ಅಂದರು. ಹಾಗಾಗಿ ಮೇಲ್ಕಟ್ಟು, ಕಮಾನು, ಪಟ್ಟಿ, ಫೆಲ್ಟಿಗೆ ಅಸ್ತರ. ಒಂದು ಸಾಲು ತೋರಿಸುತ್ತೇನೆ: ‘ಕಮಾನುಗಳಿಗೆ ಮುಂದಿನಿಂದ ಹಿಂದಕ್ಕೆ ನಂಬರ್ ಹಾಕಿ. ಹಳೇ ಮೇಲ್ಕಟ್ಟನ್ನು ಬಿಸಾಡಬೇಡಿ, ಪಟ್ಟಿಗಳ ಅಳತೆಗೆ ಬೇಕಾಗುತ್ತದೆ.’ ಕುಷನ್ ಅಂಗಡಿ ಹುಡುಗನಿಗೆ ಓದಿ ಹೇಳಿದೆ. ಮೇಲ್ಕಟ್ಟು ಅಂದಾಗ ಒಂದು ಸಲ ಮೇಲೆ ನೋಡಿದ, ಆಮೇಲೆ ತಲೆಯಾಡಿಸಿದ.

ಒಂದು ಉಳಿದಿದೆ. ಬಾಗಿಲ ಚೌಕಟ್ಟಿನ ಸುತ್ತ ಅಂಚು ಮುಚ್ಚಲು ಒತ್ತಿ ಕೂರಿಸುವ ಬೀಡಿಂಗ್ ಇದೆ. ಅದಕ್ಕೆ?

ಶಿವಮೊಗ್ಗದಿಂದ:

ಅಂಚುಗಟ್ಟು.

ಬೆಂಗಳೂರಿನಿಂದ:

ಬೀಡಿಂಗ್ ಅಂತಲೇ ಬರೆಯಿರಿ. ಹುಡುಗರು ಅಂಗಡಿಗೆ ಹೋಗಿ ಅಂಚುಗಟ್ಟು ಕೇಳಿದರೆ ಕಾರು ವಾರಗಟ್ಟಲೆ ಹಾಗೇ ನಿಂತಿರುತ್ತದೆ.