ಅಪ್‌ಡೇಟ್: ವಾರ್ಡಿನ ಪೋಸ್ಟಿಂಗ್, ನಿದ್ದೆ ಇಲ್ಲ ಅಂತ ಕೇಳಿದ್ದೆನಲ್ಲ

ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ, ಮೆಡಿಸಿನ್ ಪೋಸ್ಟಿಂಗ್ (ವಾರ್ಡಿನಲ್ಲಿ ರೋಗಿಗಳನ್ನು ನೋಡಿ ಕಲಿಯುವ ಸರದಿ) ಶುರುವಾದ ಮೇಲೆ ನಿದ್ದೆ ಬರುತ್ತಿಲ್ಲ, ರೌಂಡ್ಸ್‌ನಲ್ಲಿ ಡಾಕ್ಟರರ ಮುಂದೆ ರೋಗಿಯ ಕೇಸ್ ಹೇಳಬೇಕು ಅಂದರೆ ಕೈ ನಡುಗುತ್ತದೆ, ಓದು ಬಿಡಲೇ ಅಂತ ಕೇಳಿದ್ದೆ. ಬಿಟ್ಟಿಲ್ಲ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಹಲವರು ಹೇಳಿದಂತೆ ಒಂದು ರಾತ್ರಿ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಿದರು. ಡಾಕ್ಟರನ್ನು ನೇರವಾಗಿ ನೋಡಿ ಅಂದರು. ನಮ್ಮ ಕಾಲೇಜಿನ ಸೈಕಿಯಾಟ್ರಿ (ಮನೋರೋಗ) ಒಪಿಡಿಗೆ ಹೋಗಲು ಮನಸ್ಸಾಗಲಿಲ್ಲ. ನಾಳೆ ಅಲ್ಲೇ ಪೋಸ್ಟಿಂಗ್ ಬೀಳುತ್ತದೆ, ಅಲ್ಲಿನ ಡಾಕ್ಟರರೇ ವೈವಾ (ಮೌಖಿಕ ಪರೀಕ್ಷೆ) ಕೇಳುವವರು, ಅಲ್ವಾ? ಅದಕ್ಕೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆ. ಆತಂಕದ ತೊಂದರೆ ಅಂದರು. ಮಾತ್ರೆ ಬರೆದರು, ಕೌನ್ಸೆಲಿಂಗ್ ಕೂಡ ನಡೆದಿದೆ. ಈ ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು ಅಂತ ಫಾರ್ಮಕಾಲಜಿ ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ. ಆದರೂ ಕಾಯುವಾಗ ಸಾಕುಸಾಕಾಯಿತು. ಈಗ ನಿದ್ದೆ ಬರುತ್ತಿದೆ.

ರೌಂಡ್ಸ್‌ನಲ್ಲಿ ಡಾಕ್ಟರರು ರೋಗಿಯ ಮುಂದೆಯೇ ನಮ್ಮನ್ನು ಬೈಯುವುದು ಮಾತ್ರ ನಿಂತಿಲ್ಲ. ಅದು ಕಲಿಸುವ ರೀತಿ ಅಂತ ನಾನು ಒಪ್ಪಲ್ಲ. ಯೂನಿಟ್‌ನ ಪಿಜಿ (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟರ್) ಅಕ್ಕ ಒಬ್ಬರು, "ಕೇಸ್ ರಾತ್ರಿನೇ ನನ್ನ ಮುಂದ ಒಮ್ಮೆ ಹೇಳ್ಬಿಡು" ಅಂದರು. ಹಾಗೆ ಮಾಡಿದ ಮೇಲೆ ನಡುಕ ಎಷ್ಟೋ ಕಡಿಮೆ. ಪಾಪ, ಅವರಿಗೇ ನಿದ್ದೆ ಇರಲ್ಲ. ಪಿಜಿಗಳ ಕೆಲಸ ವಾರಕ್ಕೆ 74 ಗಂಟೆ ಮೀರಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿತ್ತು. ಅದನ್ನು ತೋರಿಸಿದರೆ ಸುಮ್ನೆ ನಕ್ಕರು.

ಮನೆಯಲ್ಲಿ ಅವ್ವನಿಗೆ ಹೇಳಿದ್ದೇನೆ, ಅಪ್ಪನಿಗೆ ಇನ್ನೂ ಇಲ್ಲ. ಮುಂದಿನದು ಸರ್ಜರಿ ಪೋಸ್ಟಿಂಗ್. ಮುಗಿಸಿದವರಿದ್ದರೆ ಹೇಗಿರುತ್ತದೆ ಹೇಳಿ.